ಬೆನ್ನಿಗೆ ಸರಿಸಿದ ತಾಳಿ

ದುಂಡಗೆ, ಬೆಳ್ಳಗೆ, ಏನೋ ಒಂದು ನನ್ನ ಎದೆಯೊಳಗೆ ಇದೆಯಂತೆ, ಡಾಕ್ಟರ್ ಅನೀಲಕುಮಾರ ಪೆನ್ನಿನ ತುದಿಯನ್ನು ಪರದೆಯಲ್ಲಿನ ನನ್ನ ಎಕ್ಸ್‌ರೇ ಮೇಲೆ ಆಡಿಸಿ ಪಕ್ಕದ ಪರದೆಗೆ ತಿರುಗುತ್ತಾರೆ, ಅಲ್ಲಿ ಬೇರೆಯವರ ಎದೆಗಳು, ಸಾಲುಸಾಲು ಪಕ್ಕೆಲುಬು, ಹೆಸರಿಲ್ಲ, ಊರಿಲ್ಲ, ಹೆಣ್ಣು ಐವತ್ತೆರಡು, ಗಂಡು ಅರವತ್ತು, ಅಷ್ಟೇ — ಇದು ಡಾಕ್ಟರ್ ಮಂದಿ ಕಲಿಯೋ ಲೈಬ್ರರಿ ಇದ್ದಂಗ್ರಿ ಅಕ್ಕಾರ, ರೋಗ ಖಾತ್ರಿ ಆದ ಕೇಸ್ ಇರ್ತಾವು, ನಿಮ್ಮದನ್ನ ಹೋಲಿಸಿ ನೋಡಾಕತ್ತೇನಿ — ಹೋಲಿಸಬೇಕೆಂದರೆ ಇವರಿಗೇ ಗೊತ್ತಿಲ್ಲ ಎಂದಾಯಿತಲ್ಲ, ನಾನು ಜೋಳವನ್ನು ಮುಷ್ಟಿಯಲ್ಲಿ ಹಿಡಿದೇ ಒಣಗಿದೆಯೋ ಇಲ್ಲವೋ ಹೇಳುವುದಿಲ್ಲವೇ, ಮತ್ತೆ ನನ್ನ ಗಂಡ ಯಾಕೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಾರೆ, ಬಾಯಲ್ಲಿ ಹೇಳದ ಹೆಸರನ್ನು ಮನಸ್ಸಿನಲ್ಲಾದರೂ ಕರೆಯುತ್ತೇನೆ, ಶ್ರೀಶೈಲಪ್ಪ, ಇತ್ತ ನೋಡು, ಇಲ್ಲ, ನೋಡುವುದಿಲ್ಲ, ಮೊನ್ನೆ ಚಿತ್ರ ತೆಗೆದಾಗಲೇ ನನ್ನನ್ನು ಹೊರಗೆ ಕೂರಿಸಿ ಇಬ್ಬರೂ ಮಾತಾಡಿಕೊಂಡಿದ್ದಾರೆ, ಇಲ್ಲದಿದ್ದರೆ ಇವತ್ತು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕೇಳದೆಯೇ ಕಬ್ಬಿನ ಹಾಲು ಕುಡಿಸುವ ಗಂಡಸೇ ಅದು, ಲಗ್ನವಾದಾಗಿನಿಂದ ಎಂದಾದರೂ ಕುಡಿಸಿದ್ದುಂಟೇ, ಬರೀ ಕೆಮ್ಮು ನನಗೆ, ತೊಗರಿ ಹೊಟ್ಟಿನ ಧೂಳು — ವಿಜಾಪುರಕ್ಕ ಹೋಗಿ ಸಿಟಿ ಸ್ಕ್ಯಾನ್ ಮಾಡಸ್ರಿ, ತಡಾ ಮಾಡಬ್ಯಾಡ್ರಿ — ಅಲ್ಲಿಯೂ ಈ ಡಾಕ್ಟರರ ಕಡೆಯವರೇ ಯಾರೋ ಅಂಗಡಿ ತೆರೆದು ಕೂತಿರುತ್ತಾರೆ, ಅಲ್ಲಿಯೂ ಹೆಸರಿಲ್ಲದ ಎದೆಗಳು, ದುಂಡಗೆ, ಬೆಳ್ಳಗೆ, ಆದರೆ ಅದು ಏನೆಂದು ನನಗೆ ಗೊತ್ತು, ತಾಳಿ ತಗೀರಿ ವೈನಿ ಅಂದಿದ್ದಳು ಎಕ್ಸ್‌ರೇ ತೆಗೆಯುವ ಆಯೇಶಾ, ಹೂಂ ಅಂದೆ, ಅವಳು ಬಾಗಿಲಾಚೆ ಹೋದದ್ದೇ ಬೆನ್ನಿಗೆ ಸರಿಸಿ ಮೇಲೆ ಜಡೆ ಬಿಟ್ಟೆ, ಗಂಡ ಇರೂತನ ಕೊಳ್ಳಾಗಿಂದ ತಗೀಬಾರದವಾ, ಅತ್ತೆ ಸಿದ್ದಲಿಂಗವ್ವ ಹೇಳಿದ ಮಾತು, ಅತ್ತೆ ಹೋಗಿ ಎಷ್ಟೋ ಕಾಲವಾಯಿತು, ನನ್ನ ಕೈ ಇನ್ನೂ ಅವರ ಮಾತನ್ನೇ ಕೇಳುತ್ತದೆ, ಎಕ್ಸ್‌ರೇಗೆ ಎದೆ ಬೆನ್ನು ಎಲ್ಲ ಒಂದೇ ಎಂದು ನನಗೇನು ಗೊತ್ತು, ತಾಳಿಯ ಜೋಡಿ ಬಟ್ಟಲಲ್ಲಿ ಒಂದು ಅದು, ಬಂಗಾರ, ರೋಗವಲ್ಲ, ಆ ಪರದೆಯ ಹೆಂಗಸರಲ್ಲಿ ಒಬ್ಬಳ ಕೊರಳಲ್ಲಾದರೂ ತಾಳಿ ಇದೆಯೇ, ನನ್ನನ್ನು ಅವರಿಗೆ ಹೋಲಿಸುವುದು ಯಾವ ನ್ಯಾಯ, ಹೇಳಿಬಿಡುತ್ತೇನೆ, ನಗುತ್ತಾರೆ, ನಗಲಿ —

ಡಾಕ್ಟರ್ರ, ಅದು ನನ್ನ ತಾಳಿರಿ, ಬೆನ್ನಿಗೆ ಸರಿಸಿದ್ದೆ — ಯಾರೂ ನಗಲಿಲ್ಲ, ನನ್ನ ಗಂಡ ಥಟ್ಟನೆ ತಿರುಗಿ, ಬಿಚ್ಚಿ ಇಡಾಕ ಏನಾಗಿತ್ತ ನಿನಗ, ತಲಿ ಐತೋ ಇಲ್ಲೋ, ಬೈಯುತ್ತಿದ್ದಾರೆ, ಬೈಗುಳದ ತುಂಬ ಎಷ್ಟು ಆಸೆ, ಕಣ್ಣು ಒದ್ದೆಯಾಗಿದೆ, ಹಾಗಾದರೆ ಆ ಕಬ್ಬಿನ ಹಾಲು ಹೆದರಿ ಕುಡಿಸಿದ್ದೇ — ಡಾಕ್ಟರ್ ಚಿತ್ರವನ್ನು ದೊಡ್ಡದು ಮಾಡುತ್ತಾರೆ, ಹೌದ್ರಿ ಅಕ್ಕಾರ, ತಾಳಿ ಕಂಡೈತಿ, ಇದೊಂದು ಬಟ್ಟಲ, ಇದೊಂದು, ಅಂಚು ಹೆಂಗ ಕೊರದಂಗ ಐತಿ ನೋಡ್ರಿ, ನಾ ಹೇಳಾಕತ್ತಿದ್ದು ಅದಲ್ರಿ, ಇದು, ಪೆನ್ನು ಮೇಲಕ್ಕೆ ಹೋಗುತ್ತದೆ, ಎಡಕ್ಕೆ, ನಿಲ್ಲುತ್ತದೆ, ಸೆರಗಿನೊಳಗೆ ನನ್ನ ಬೆರಳು ತಾಳಿಯನ್ನು ತಡಕುತ್ತದೆ, ಒಂದು, ಎರಡು, ಮತ್ತೆ ಒಂದು, ಎರಡು, ಅಷ್ಟೇ ಇವೆ, ನನ್ನ ಪರದೆಯ ಮೇಲೆ ಇನ್ನೊಂದು, ಅಂಚಿಲ್ಲದ್ದು, ಪಕ್ಕದ ಪರದೆಯಲ್ಲಿ ತಾಳಿಯಿಲ್ಲದ ಆ ಹೆಣ್ಣು ಐವತ್ತೆರಡು, ಅವಳಿಗೂ ಅಲ್ಲೇ, ನೀರಿಗೆ ಬಿದ್ದ ಹಾಲಿನ ಹನಿ, ದುಂಡಗೆ, ಬೆಳ್ಳಗೆ