ತಮ್ಮ ಬರೆದ ಮನೆ

ಬಾರದ ಕೋಟಿ ರೂಪಾಯಿಯನ್ನು ಖರ್ಚು ಮಾಡುವುದಕ್ಕೂ ಆ ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು. ವಾರಕ್ಕೆ ಒಂದೇ ಲಾಟರಿ ಟಿಕೆಟ್. ತಮ್ಮ ಅದನ್ನು ಕೊಂಡು ತರುತ್ತಿದ್ದ. ತಂದ ಮೇಲೆ ಅದು ಸರದಿಯಂತೆ ಮನೆಯ ನಾಲ್ವರಲ್ಲಿ ಒಬ್ಬರ ಕೈ ಸೇರುತ್ತಿತ್ತು. ಟಿಕೆಟ್ ಯಾರ ಕೈಯಲ್ಲೋ ಆ ವಾರ ಹಣವೆಲ್ಲ ಅವರದೇ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ನಂಬರು ಬರುವುದರೊಳಗೆ ಅವರು ಅದನ್ನು ಒಂದು ಕಾಸೂ ಉಳಿಯದಂತೆ ಖರ್ಚು ಮಾಡಿ ಮುಗಿಸಬೇಕು. ಉಳಿದವರು ಕೈಯಲ್ಲಿದ್ದ ಕೆಲಸ ನಿಲ್ಲಿಸದೆ ಕೇಳಬೇಕು. ತಕರಾರು ತೆಗೆಯಬಹುದು, ನಗಬಹುದು, ಆದರೆ ಪಾಲು ಕೇಳುವಂತಿಲ್ಲ. ಕೇಳಿದರೆ ಅವರ ಮುಂದಿನ ಸರದಿ ರದ್ದು.

ಈ ಕಟ್ಟುಪಾಡು ಮಾಡಿದವಳು ಅಕ್ಕ. ಮೊದಮೊದಲು ಹೇಗೆ ಬೇಕೋ ಹಾಗೆ ಖರ್ಚು ಮಾಡಲು ಹೋಗಿ, ಕೊಳ್ಳದ ಕಾರಿನ ಮುಂದಿನ ಸೀಟಿನಲ್ಲಿ ಯಾರು ಕೂರಬೇಕೆಂದು ಜಗಳವಾಗಿ, ತಮ್ಮನೂ ಅವನ ಹೆಂಡತಿಯೂ ಎರಡು ದಿನ ಮಾತು ಬಿಟ್ಟಿದ್ದರು. ಆಗ ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಈ ನಿಯಮಗಳನ್ನು ಹೇಳಿದಳು. ಅವಳು ಹೇಳಿದರೆ ಅಲ್ಲಿಗೆ ಮುಗಿಯಿತು. ಅಪ್ಪ ಅಮ್ಮ ಹೋದಾಗ ಅವಳಿಗೆ ಇಪ್ಪತ್ತು, ತಮ್ಮನಿಗೆ ಹನ್ನೆರಡು. ಅಂಗಡಿಯನ್ನು ಬೀಳದಂತೆ ನಿಲ್ಲಿಸಿದವಳು, ತಮ್ಮನ ಕೈಗೆ ಕತ್ತರಿ ಕೊಟ್ಟು ಬಟ್ಟೆ ಕತ್ತರಿಸುವುದನ್ನು ಕಲಿಸಿದವಳು, ಅವನಿಗೆ ಹೆಣ್ಣು ಹುಡುಕಿ ಮದುವೆ ಮಾಡಿಸಿದವಳು, ಎಲ್ಲ ಅವಳೇ. ಈಗ ಅವಳಿಗೆ ಐವತ್ನಾಲ್ಕು. ಇಡೀ ಬೀದಿಗೆ ಅವಳು ಅಕ್ಕ. ಎಪ್ಪತ್ತು ದಾಟಿದ ಗಿರಾಕಿಗಳೂ ಅಕ್ಕ ಎಂದೇ ಕರೆಯುತ್ತಿದ್ದರು, ಅದಕ್ಕೆ ಅವಳು ಒಳಗೊಳಗೇ ಮುಖ ಸಿಂಡರಿಸಿಕೊಳ್ಳುವುದೂ ಇತ್ತು.

ತಮ್ಮನ ಹೆಂಡತಿ ತನ್ನ ಸರದಿಯಲ್ಲಿ ನಿದ್ದೆ ಕೊಳ್ಳುತ್ತಿದ್ದಳು. ಹೊಲಿಗೆ ಮಷಿನ್ನಿನ ಸದ್ದೇ ಕೇಳದ ಕಡೆ ಆರು ತಿಂಗಳಿಗೆ ಮನೆ ಹಿಡಿದು, ಎದ್ದಾಗ ಕಾಫಿ ಕೊಡಲು ಒಬ್ಬರನ್ನು ಇಟ್ಟು, ಕಾಫಿ ಕುಡಿದು ಮತ್ತೆ ಮಲಗುವ ಯೋಜನೆ ಅವಳದು. ಮಗಳಿಗೆ ಹದಿನೈದು. ಅವಳು ಇಡೀ ಹಣವನ್ನು ಹಡಗಿಗೆ ಸುರಿದು ಲೋಕ ಸುತ್ತಲು ಹೊರಡುತ್ತಿದ್ದಳು. ವಾಪಸು ಬರಲು ದುಡ್ಡು ಇಟ್ಟುಕೊಳ್ಳುವುದನ್ನು ಮಾತ್ರ ಪ್ರತಿ ಸಲವೂ ಮರೆಯುತ್ತಿದ್ದಳು. ಅಕ್ಕನ ಸರದಿ ಬಂದರೆ ಎಲ್ಲರೂ ಮೊದಲೇ ನಗುವುದಕ್ಕೆ ಶುರು. ಕೋಟಿ ಬಂದರೂ ಅವಳು ಕೊಳ್ಳುವುದು ಕಾಜಾ ಹಾಕುವ ಮಷಿನ್ನು, ಕತ್ತರಿಸುವ ಮೇಜಿನ ಮೇಲಕ್ಕೊಂದು ಒಳ್ಳೆಯ ದೀಪ, ಅಷ್ಟೇ. ಮಿಕ್ಕಿದ್ದನ್ನು ನೀವೇ ಏನಾದರೂ ಮಾಡಿಕೊಳ್ಳಿ ಎಂದು ಕೈ ಕೊಡವಿಬಿಡುತ್ತಿದ್ದಳು. ನಿಯಮ ಮಾಡಿದವಳೇ ನಿಯಮ ಮುರಿದಳೆಂದು ಆಮೇಲೆ ಗಲಾಟೆಯಾಗುತ್ತಿತ್ತು.

ಆ ವಾರ ಸರದಿ ತಮ್ಮನದು. ಮಂಗಳವಾರ ಅವನು ಪರದೆಗಳನ್ನು ಗಿರಾಕಿಯ ಮನೆಗೆ ತಲುಪಿಸಲು ಹೋಗಿದ್ದಾಗ, ಪ್ಯಾಂಟಿನ ಅಳತೆ ಬರೆಯಲು ಅಕ್ಕ ಮೇಜಿನ ಕೆಳಗಿನಿಂದ ಕಂದು ಕಾಗದ ಎಳೆದಳು. ಕೈಗೆ ಬಂದದ್ದರ ಮೇಲೆ ಆಗಲೇ ಏನೋ ಬರೆದಿತ್ತು. ನೋಡಿದರೆ ಮನೆ. ಸ್ಕೇಲು ಹಿಡಿದು, ಒಂದು ಇಂಚಿಗೆ ಎರಡು ಅಡಿ ಎಂದು ಮೇಲೆ ಲೆಕ್ಕ ಹಾಕಿ, ಕೋಟಿನ ನಕ್ಷೆ ತೆಗೆಯುವಷ್ಟು ಜಾಗ್ರತೆಯಿಂದ ಬರೆದ ಮನೆ.

ಅಕ್ಕನಿಗೆ ನಗು ಬಂತು. ಕನ್ನಡಕ ಏರಿಸಿಕೊಂಡು ಒಂದೊಂದೇ ಕೋಣೆ ಓದಿದಳು. ಮುಂದೆ ಅಂಗಡಿ. ಅದರ ಹಿಂದೆ ಹಾಲ್, ಅಡುಗೆಮನೆ. ಒಂದು ಕೋಣೆಯಲ್ಲಿ 'ನಾವಿಬ್ಬರು' ಎಂದಿತ್ತು, ಇನ್ನೊಂದರಲ್ಲಿ 'ಮಗಳು'. ಇಸ್ತ್ರಿಗೆ ಒಂದು ಮೂಲೆ. ಬಾಗಿಲ ಹತ್ತಿರ ಸಣ್ಣ ಚೌಕ ಹಾಕಿ 'ಚಪ್ಪಲಿ' ಎಂದೂ ಬರೆದಿದ್ದ. ಎಡಗಡೆಯ ಗೋಡೆ ಕಾಗದದ ಅಂಚಿಗೇ ಹತ್ತಿ ನಿಂತಿತ್ತು, ಅಲ್ಲಿಗೆ ಮನೆ ಮುಗಿದಿತ್ತು. ಅಕ್ಕ ಮತ್ತೊಮ್ಮೆ ಮೊದಲಿನಿಂದ ಓದಿದಳು. ಅವಳ ಹೆಸರಿನ ಕೋಣೆ ಇರಲಿಲ್ಲ.

ಅವಳು ಕಾಗದವನ್ನು ಇದ್ದ ಹಾಗೇ ಇಟ್ಟು, ಬೇರೆ ಕಾಗದ ತೆಗೆದು, ಪ್ಯಾಂಟಿನ ಅಳತೆ ಬರೆಯಲು ಕೂತಳು. ಇದು ಬರೀ ಗಾಳಿಗೋಪುರ, ಇದಕ್ಕೆಲ್ಲ ಬೇಜಾರು ಮಾಡಿಕೊಂಡರೆ ಹೇಗೆ ಎಂದು ತನ್ನನ್ನೇ ಬೈದುಕೊಂಡಳು. ಬೈದರೂ ಮನಸ್ಸು ಕೇಳಲಿಲ್ಲ. ದುಡ್ಡು ಸಾಲದೆ ಬಿಟ್ಟಿದ್ದರೆ ಅದು ಬೇರೆ ಮಾತು. ಕೋಟಿ ಇಟ್ಟುಕೊಂಡು, ಚಪ್ಪಲಿಗೂ ಜಾಗ ಮಾಡಿ, ತನ್ನನ್ನು ಬಿಟ್ಟಿದ್ದಾನೆ.

ಅಂಗಡಿಯ ಮೇಲೆಯೇ ಅವರ ಮನೆ. ಚಿಕ್ಕ ಕೋಣೆಯಲ್ಲಿ ಅಕ್ಕನೂ ತಮ್ಮನ ಮಗಳೂ ಮಲಗುತ್ತಿದ್ದರು. ಹುಡುಗಿಗೆ ಅದು ಪರೀಕ್ಷೆಯ ವರ್ಷ. ಹದಿನೈದು ದಿನದ ಹಿಂದೆ ಅವಳು ಅತ್ತೆಯ ಗೊರಕೆಯಲ್ಲಿ ಒಂದಕ್ಷರ ತಲೆಗೆ ಹೋಗುವುದಿಲ್ಲ ಎಂದು ಅಮ್ಮನ ಹತ್ತಿರ ಗೊಣಗಿದ್ದಳು. ಅಮ್ಮ ಮೆಲ್ಲಗೆ ಮಾತಾಡು ಎಂದು ಗದರಿದ್ದಳು. ಮೆಟ್ಟಿಲ ಮೇಲಿದ್ದ ಅಕ್ಕನ ಕಿವಿಗೆ ಎರಡೂ ಬಿದ್ದಿದ್ದವು. ಅವತ್ತು ನಕ್ಕು ಮರೆತಿದ್ದಳು. ಈಗ ಆ ಮಾತು ಬಂದು ಈ ಕಾಗದದ ಪಕ್ಕದಲ್ಲಿ ಕೂತಿತು. ಎಲ್ಲರೂ ಸೇರಿ ಮಾತಾಡಿಕೊಂಡಿದ್ದಾರೆ, ತನಗೆ ಹೇಳಲು ಬಾಯಿ ಬರುತ್ತಿಲ್ಲ ಅಷ್ಟೆ, ಎಂದು ಅವಳು ತೀರ್ಮಾನಿಸಿದಳು. ಬಟ್ಟೆಯ ಲೆಕ್ಕದಲ್ಲಿ ಅರ್ಧ ಇಂಚು ತಪ್ಪದ ಹೆಂಗಸು, ಇಂಥ ಲೆಕ್ಕದಲ್ಲಿ ಗಜಗಟ್ಟಲೆ ತಪ್ಪುತ್ತಿದ್ದಳು.

ಕೇಳಿಬಿಡಬಹುದಿತ್ತು. ಆದರೆ ಪಾಲು ಕೇಳುವಂತಿಲ್ಲ ಎಂದವಳು ತಾನೇ ತಾನೆ. ಆಟದಲ್ಲೇ ಕೇಳದವಳು ನಿಜವಾಗಿ ಹೇಗೆ ಕೇಳಿಯಾಳು?

ಊರಿನ ಇನ್ನೊಂದು ಕೊನೆಯಲ್ಲಿ ಶಾಲೆಗಳ ಯೂನಿಫಾರ್ಮ್ ಹೊಲಿಸುವ ಒಂದು ದೊಡ್ಡ ಕಾರ್ಖಾನೆಯಿತ್ತು. ಅದರ ಯಜಮಾನಿ ಎರಡು ವರ್ಷದಿಂದ ಅಕ್ಕನ ಬೆನ್ನು ಬಿದ್ದಿದ್ದಳು: ಕತ್ತರಿಸುವ ವಿಭಾಗ ನೋಡಿಕೊಳ್ಳಿ, ಸಂಬಳ ಕೊಡುತ್ತೇನೆ, ಹಿಂದೆ ಒಂದು ಕೋಣೆಯಿದೆ, ಅಲ್ಲೇ ಇರಿ. ಗುರುವಾರ ಅಕ್ಕ ದಾರ ತರುವ ನೆಪ ಹೇಳಿ ಹೋಗಿ ಆ ಕೋಣೆ ನೋಡಿ ಬಂದಳು. ಕಬ್ಬಿಣದ ಮಂಚ, ಗೋಡೆಗೆ ಮೂರು ಮೊಳೆ, ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ ಕಿಟಕಿ. ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಇಲ್ಲಿ ಎಷ್ಟು ಗೊರಕೆ ಹೊಡೆದರೂ ಕೇಳುವವರಿಲ್ಲ ಎಂದುಕೊಂಡಳು. ಸೋಮವಾರದಿಂದ ಬರುತ್ತೇನೆಂದು ಮಾತು ಕೊಟ್ಟಳು. ಶನಿವಾರ ಸಂಜೆ ನೀವೊಂದು ಫೋನ್ ಮಾಡಿ ಖಚಿತಪಡಿಸಿ, ಸೋಮವಾರ ಗಾಡಿ ಕಳಿಸುತ್ತೇನೆ ಎಂದಳು ಯಜಮಾನಿ.

ಶನಿವಾರ ಊಟ ಮುಗಿದ ಮೇಲೆ ತಮ್ಮ ಟಿಕೆಟನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಮೇಜಿನ ಮುಂದೆ ನಿಂತ. ಹೆಂಡತಿ ಮಷಿನ್ನಿನಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದಳು. ಮಗಳು ನೆಲದಲ್ಲಿ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಅಕ್ಕ ಒಂದು ಕೋಟಿನ ಗುಂಡಿಗೆ ಕಾಜಾ ಹಾಕುತ್ತಿದ್ದಳು. ನಂಬರು ಬಂದು ಎಲ್ಲರೂ ಏಳುವಾಗ ವಿಷಯ ಹೇಳಿಬಿಡುವುದೆಂದು ಅವಳು ಬೆಳಗ್ಗೆಯೇ ನಿರ್ಧರಿಸಿದ್ದಳು. ಹೇಳುವ ಮಾತನ್ನು ಮೂರು ಸಲ ಮನಸ್ಸಿನಲ್ಲಿ ಹೊಲಿದು ಮೂರು ಸಲ ಬಿಚ್ಚಿದ್ದಳು.

ತಮ್ಮ ಕಂದು ಕಾಗದ ಹರಡಿ, ಮನೆ ಕಟ್ಟಿಸಿಬಿಟ್ಟಿದ್ದೇನೆ ಎಂದು ಸಾರಿದ. ಅಂಗಡಿಯಿಂದ ಶುರು ಮಾಡಿ ಕೋಣೆ ಕೋಣೆ ತೋರಿಸುತ್ತ ಬಂದ. ಅಡುಗೆಮನೆಗೆ ಕಿಟಕಿ ಸಾಲದು ಎಂದು ಹೆಂಡತಿ ತಕರಾರು ತೆಗೆದಳು. ಮಗಳು ತನ್ನ ಕೋಣೆಯನ್ನು ಗೇಣಿನಿಂದ ಅಳೆದು ನೋಡಿದಳು. ಆಮೇಲೆ ಇಡೀ ಕಾಗದದ ಮೇಲೆ ಬೆರಳಾಡಿಸಿ, ತಲೆಯೆತ್ತಿ ಕೇಳಿದಳು.

"ಅಪ್ಪಾ, ಅತ್ತೆ ರೂಮೆಲ್ಲಿ?"

ಅಕ್ಕನ ಸೂಜಿ ನಿಂತಿತು.

"ಪಾಲು ಕೇಳೋ ಹಾಗಿಲ್ಲ. ಮುಂದಿನ ಸರದಿ ಹೋಗುತ್ತೆ ನೋಡು" ಎಂದ ತಮ್ಮ, ಮುಖದಲ್ಲಿ ನಗು ಇಟ್ಟುಕೊಂಡೇ.

"ಹೋದ್ರೆ ಹೋಗ್ಲಿ. ನಾನು ಕೇಳಿದ್ದು ನನಗಲ್ಲ, ಅತ್ತೆಗೆ."

ಹೆಂಡತಿಯೂ ಮಷಿನ್ ನಿಲ್ಲಿಸಿ ಬಂದು ಕಾಗದದ ಮೇಲೆ ಬಗ್ಗಿದಳು. ಕೋಣೆಗಳನ್ನು ಎಣಿಸಿ ಗಂಡನ ಮುಖ ನೋಡಿದಳು. ಆ ನೋಟ ಒಳ್ಳೆಯದಾಗಿರಲಿಲ್ಲ. ತಮ್ಮನ ನಗು ಸ್ವಲ್ಪ ಇಳಿಯಿತು. ಇವರಿಗೆ ಗೊತ್ತಾಗದಿದ್ದರೆ ಬಿಡು, ಅಕ್ಕನಿಗಂತೂ ನೋಡಿದ ಕೂಡಲೇ ಗೊತ್ತಾಗುತ್ತದಲ್ಲ ಎನ್ನುವ ಹಾಗೆ ಅವನು ಅಕ್ಕನ ಕಡೆ ತಿರುಗಿದ. ಅಕ್ಕ ತಲೆಯೆತ್ತಲಿಲ್ಲ.

ಅವನು ಹೊಸದೊಂದು ದೊಡ್ಡ ಕಾಗದ ತೆಗೆದು ನಡುವೆ ಮಡಿಸಿದ. ಮನೆಯ ಎಡಗಡೆಯ ಅಂಚನ್ನು ಆ ಮಡಿಕೆಗೆ ಸರಿಯಾಗಿ ಕೂರಿಸಿ, ನಾಲ್ಕು ಮೂಲೆಗೆ ಭಾರ ಇಟ್ಟ. ಗೆರೆಯ ಗುರುತನ್ನು ಕೆಳಗಿನ ಕಾಗದಕ್ಕೆ ಇಳಿಸುವ ಹಲ್ಲಿನ ಚಕ್ರವನ್ನು ಒತ್ತಿ ಗೋಡೆಗಳ ಮೇಲೆಲ್ಲ ಓಡಿಸಿದ. ಮಡಿಕೆಯ ಕಡೆ ಬಿಟ್ಟು ಉಳಿದ ಮೂರು ಕಡೆ ಕತ್ತರಿ ಆಡಿಸಿದ. ಆಮೇಲೆ ಕೆಳಗಿನ ಕಾಗದ ಎತ್ತಿ, ಕೋಟಿನ ಬೆನ್ನು ಬಿಡಿಸುವ ಹಾಗೆ ಬಿಡಿಸಿದ.

ಮನೆ ಎರಡು ಪಟ್ಟಾಯಿತು. ಬಲಗಡೆ ಏನೇನಿತ್ತೋ ಅಷ್ಟೂ ಎಡಗಡೆ ಚುಕ್ಕೆ ಚುಕ್ಕೆಯಾಗಿ ಮೂಡಿತ್ತು.

"ಅರ್ಧ ಬರೆದಿದ್ದೆ ಅಷ್ಟೆ" ಎಂದ ತಮ್ಮ. "ಈ ಕಡೆ ನಾವು, ಆ ಕಡೆ ಅಕ್ಕ. ಅವಳಿಗೆ ಎರಡು ರೂಮು. ಒಂದರಲ್ಲಿ ಮಲಗ್ಲಿ, ಇನ್ನೊಂದರಲ್ಲಿ ಗೊರಕೆ ಹೊಡೀಲಿ."

ಕೋಟಿನ ಬೆನ್ನನ್ನು ಯಾರೂ ಪೂರ್ತಿ ಬರೆಯುವುದಿಲ್ಲ. ಅರ್ಧ ಬರೆದು, ಬಟ್ಟೆಯನ್ನು ಮಡಿಸಿ, ಮಡಿಕೆಗೆ ಅಂಚು ಕೊಟ್ಟು ಕತ್ತರಿಸುತ್ತಾರೆ. ಬಿಡಿಸಿದಾಗ ಎರಡು ಕಡೆಯೂ ಒಂದೇ ಸಮ. ಇದನ್ನು ತಮ್ಮನಿಗೆ ಕಲಿಸಿದವಳು ಅಕ್ಕ. ಅರ್ಧ ಬರೆದಾಗ ಅಂಚಿನಲ್ಲಿ ಮಡಿಕೆಯ ಗುರುತು ಹಾಕು, ಇಲ್ಲದಿದ್ದರೆ ನೋಡಿದವರು ಅಷ್ಟೇ ಎಂದುಕೊಳ್ಳುತ್ತಾರೆ ಎಂದು ಸಾವಿರ ಸಲ ಹೇಳಿದವಳೂ ಅವಳೇ. ಹದಿನಾರನೇ ವಯಸ್ಸಿನಲ್ಲಿ ಗುರುತು ಹಾಕದೆ ಒಬ್ಬ ಗಿರಾಕಿಯ ಕೋಟಿನ ಬೆನ್ನನ್ನು ಅವನು ಎರಡು ಹೋಳು ಮಾಡಿದಾಗ ಮರದ ಸ್ಕೇಲಿನಿಂದ ಬಾರಿಸಿದ್ದಳು ಕೂಡ.

ಅಕ್ಕ ಎದ್ದು ಬಂದು ಮೇಜಿಗೆ ಕೈಯೂರಿದಳು. ಎಡಗಡೆಯ ಚುಕ್ಕೆಗಳ ಮೇಲೆ ಬೆರಳಿಟ್ಟಳು. ಅಲ್ಲಿ ಹಾಲ್ ಇತ್ತು, ಕೋಣೆಗಳಿದ್ದವು, ಚಪ್ಪಲಿಗೆ ಚೌಕವಿತ್ತು. ಹೋದ ಜೀವ ಬಂದಂತಾಯಿತು. ಬಂದದ್ದೇ, ನಾಲ್ಕು ದಿನದಿಂದ ಒಳಗೆ ತುಂಬಿಕೊಂಡಿದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಂತು, ಅದೂ ಬೈಗುಳವಾಗಿ.

"ಮಡಿಕೆ ಗುರುತೆಲ್ಲೋ? ಎಷ್ಟು ಸಲ ಹೇಳಿದೀನಿ ನಿನಗೆ, ಗುರುತು ಹಾಕೋ ಅಂತ?" ಅಂದಳು. ಅನ್ನುತ್ತಲೇ ಅತ್ತುಬಿಟ್ಟಳು.

ಅಕ್ಕ ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಿದವರಲ್ಲ. ಮಗಳ ಕೈಯಿಂದ ಗುಂಡಿಯ ಡಬ್ಬ ಉರುಳಿತು. ತಮ್ಮ ಬೆಪ್ಪಾಗಿ ಕತ್ತರಿ ಹಿಡಿದೇ ನಿಂತ. ಅಳುವಿನ ನಡುವೆ ಅವಳು ಒಂದೊಂದೇ ಹೇಳಿದಳು: ಮಂಗಳವಾರ ಕಾಗದ ನೋಡಿದ್ದು, ಗೊರಕೆಯ ಮಾತು ಕೇಳಿದ್ದು, ದಾರದ ನೆಪ, ಕಬ್ಬಿಣದ ಮಂಚ, ಸೋಮವಾರ ಬರುವ ಗಾಡಿ. ಹುಡುಗಿ ಕೆಂಪಾಗಿ ಮುಖ ಮುಚ್ಚಿಕೊಂಡಳು. ನಾಲ್ಕು ಗಂಟೆ ಯಾವಾಗಲೋ ದಾಟಿತ್ತು. ಈ ಆಟದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರಿಗೂ ನಂಬರು ನೋಡುವ ನೆನಪೇ ಬರಲಿಲ್ಲ. ಮಾರನೆಯ ದಿನ ನೋಡಿದಾಗ ಒಂದಂಕಿಯೂ ಹೊಂದಿರಲಿಲ್ಲ, ಅದು ಬೇರೆ ವಿಷಯ.

ತಮ್ಮನಿಗೆ ಸಿಟ್ಟು ಬಂತು. ಒಂದು ಮಾತು ಕೇಳದೆ ಹೊರಟುಬಿಡುತ್ತಿದ್ದೆಯಲ್ಲ, ನಾನು ಅಂಥವನಾ ಎಂದು ಕೂಗಾಡಿದ. ಅವನ ಕಣ್ಣೂ ನೆಟ್ಟಗಿರಲಿಲ್ಲ. ಹೆಂಡತಿ ಮಾತ್ರ ಬಿಡಿಸಿದ ಕಾಗದವನ್ನೇ ನೋಡುತ್ತಿದ್ದಳು. ಅವಳಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಎಡಗಡೆಯೂ ಒಂದು ಅಡುಗೆಮನೆ ಮೂಡಿದೆಯಲ್ಲ, ಅಕ್ಕ ಬೇರೆ ಒಲೆ ಹಚ್ಚಬೇಕಾ, ಯಾರನ್ನು ಕೇಳಿ ಮನೆ ಒಡೆದಿರಿ ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಮಡಿಸಿ ಕತ್ತರಿಸಿದರೆ ಅದೂ ಎರಡಾಗುತ್ತದೆ, ನಾನೇನು ಮಾಡಲಿ ಎಂದು ಅವನು ಗೋಗರೆದ. ಅವಳು ಪೆನ್ಸಿಲ್ ತೆಗೆದುಕೊಂಡು ಎಡಗಡೆಯ ಅಡುಗೆಮನೆಯನ್ನು ಹೊಡೆದುಹಾಕಿದಳು.

ಅಷ್ಟರಲ್ಲಿ ಕಾಜಾ ಹಾಕುತ್ತಿದ್ದ ಕೋಟಿನ ಪಕ್ಕದಲ್ಲಿ ಅಕ್ಕನ ಫೋನು ಬಡಿದುಕೊಳ್ಳತೊಡಗಿತು. ಯೂನಿಫಾರ್ಮ್ ಯಜಮಾನಿಗೆ ಅಕ್ಕನ ಫೋನು ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಕೊಟ್ಟ ಮಾತು ತಪ್ಪಿ ಗೊತ್ತಿಲ್ಲದ ಅಕ್ಕ ಕೈ ಚಾಚಿದಳು, ಆದರೆ ಏನು ಹೇಳಬೇಕೆಂದು ತಿಳಿಯದೆ ಚಾಚಿದ ಕೈ ಅಲ್ಲೇ ನಿಂತಿತು. ತಮ್ಮನ ಹೆಂಡತಿ ಫೋನು ಎತ್ತಿಕೊಂಡಳು.

"ನಮ್ಮಕ್ಕ ಬರೋದಿಲ್ಲ. ಗಾಡಿ ಕಳಿಸಬೇಡಿ" ಎಂದಳು.

ಆ ಕಡೆಯಿಂದ ಯಜಮಾನಿಯ ದನಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಷ್ಟು ಏರಿತು. ಬರುತ್ತೇನೆಂದದ್ದು ಅವರು, ಬರುವುದಿಲ್ಲ ಎನ್ನಲು ನೀವು ಯಾರು, ಅದನ್ನು ಹೇಳಲು ಅವರಿಗೆ ಬಾಯಿಲ್ಲವಾ ಎಂದು ಕೇಳುತ್ತಿದ್ದಳು.

"ಇದೆ" ಎಂದಳು ತಮ್ಮನ ಹೆಂಡತಿ. "ಈಗ ಅಳ್ತಿದ್ದಾರೆ. ಅತ್ತು ಮುಗೀಲಿ, ಅವರೇ ಮಾತಾಡ್ತಾರೆ."