ಏಳನೆಯ ಬಾಗಿಲಲ್ಲಿ ನಿಂತ ದುಂಗೀತ

ಇಳಕಲ್ಲಿನ ದುಂಡೇಶ ಒಂದು ಕಂಪ್ಯೂಟರ್ ಆಟಕ್ಕಾಗಿ ಒಂಬತ್ತು ವರ್ಷ ಕಾದಿದ್ದ. ಈ ಒಂಬತ್ತು ವರ್ಷದಲ್ಲಿ ಓಣಿಯ ಅವನ ವಾರಗೆಯವರು ಮದುವೆಯಾದರು, ಮಕ್ಕಳನ್ನು ಶಾಲೆಗೆ ಹಾಕಿದರು, ಒಬ್ಬನಂತೂ ನಗರಸಭೆಯ ಚುನಾವಣೆಗೆ ನಿಂತು ಸೋತೂಬಿಟ್ಟ. ದುಂಡೇಶ ಮಾತ್ರ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತ, ಬಿಡುವಾದಾಗಲೆಲ್ಲ ‘ಏಳು ಬಾಗಿಲ ರಾಜ್ಯ’ದ ಎರಡನೆಯ ಭಾಗ ಯಾವಾಗ ಬರುತ್ತದೆಂದು ಮೊಬೈಲಿನಲ್ಲಿ ಹುಡುಕುತ್ತ ಕುಳಿತಿದ್ದ. ಕಂಪನಿಯವರು ಮೂರು ಸಲ ತಾರೀಖು ಕೊಟ್ಟು ಮೂರು ಸಲವೂ ಮುಂದೆ ಹಾಕಿದ್ದರು. ನಾಲ್ಕನೆಯ ಸಲ ತಾರೀಖು ಕೊಟ್ಟಾಗ ಅವನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿದ. ಆ ತಾರೀಖಿಗೆ ಅಮಾವಾಸ್ಯೆ ಬಿದ್ದಿತ್ತು.

ಅಮಾವಾಸ್ಯೆಯೆಂದರೆ ನೇಕಾರರಿಗೆ ರಜೆ. ಮಗ್ಗಕ್ಕೆ ಪೂಜೆ ಮಾಡಿ, ಹೋಳಿಗೆ ಉಂಡು ಕಾಲು ಚಾಚುವ ದಿನ. ಓಣಿಯ ಪವರ್‌ಲೂಮುಗಳೂ ಅವತ್ತು ಬಾಯಿ ಮುಚ್ಚುತ್ತವೆ, ಹಾಗಾಗಿ ಕರೆಂಟು ಕುಣಿಯದೆ ನೆಟ್ಟಗೆ ಬರುತ್ತದೆ. ಆಟ ಮಾಡಿದವರು ಎಲ್ಲೋ ಹಿಮ ಬೀಳುವ ದೇಶದವರು. ಇಳಕಲ್ಲಿನ ಅಮಾವಾಸ್ಯೆಯನ್ನು ಅವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಆದರೂ ದುಂಡೇಶನಿಗೆ ಅದು ತನಗಾಗಿಯೇ ತೆಗೆಸಿದ ಮುಹೂರ್ತ ಅನ್ನಿಸಿತು.

ಮುಹೂರ್ತ ಸಿಕ್ಕ ಮೇಲೆ ಹಂದರ ಹಾಕಬೇಕಲ್ಲ. ಅವನ ಕಂಪ್ಯೂಟರಿಗೆ ಮುಪ್ಪು ಬಂದಿತ್ತು, ಹೊಸ ಆಟದ ಹೆಸರು ಕೇಳಿದರೇ ಏದುಸಿರು ಬಿಡುವಂತಿತ್ತು. ಅಮಾವಾಸ್ಯೆಗೆ ಎಂಟು ದಿನವಿರುವಾಗ ಅದರ ಡಬ್ಬಿಯನ್ನು ಅವ್ವನ ಹಳೆಯ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದ. ರಸ್ತೆಯ ಪ್ರತಿ ಉಬ್ಬಿಗೂ ಅವನು ಡಬ್ಬಿಯನ್ನು ಎತ್ತಿ ಹಿಡಿಯುವುದನ್ನು ಹುನಗುಂದದವರೆಗೂ ಸುಮ್ಮನೆ ನೋಡಿದ ಕಂಡಕ್ಟರ್, ಕೊನೆಗೆ ತಡೆಯಲಾರದೆ, “ಕೂಸಿಗೆ ಅರ್ಧಾ ಟಿಕೀಟ ತಗೋತೀರೇನ್ರಿ?” ಎಂದು ಕೇಳಿದ.

ಬಾಗಲಕೋಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಜಲಾಲುದ್ದೀನನ ಕೈ ಪಳಗಿದ್ದು, ನಾಲಿಗೆ ಅದಕ್ಕಿಂತ ಪಳಗಿದ್ದು. ಮುಚ್ಚಳ ಬಿಚ್ಚಿದವನೇ ಒಂದು ಹೆಜ್ಜೆ ಹಿಂದೆ ಸರಿದ.

“ಏನಪಾ ಇದು! ಇದರಾಗ ಒಂದು ತಲೆದಿಂಬ ತುಂಬಬಹುದಲ್ಲ!”

ಕಂಪ್ಯೂಟರು ಇದ್ದದ್ದು ಮಗ್ಗದ ಕೋಣೆಯಲ್ಲಿ. ನೂಲಿನ ಧೂಳು ಫ್ಯಾನಿನ ರೆಕ್ಕೆಗಳಿಗೆಲ್ಲ ಮೆತ್ತಿಕೊಂಡಿತ್ತು. ಜಲಾಲುದ್ದೀನ ಚಿಮಟಿಗೆ ಹಾಕಿ ಎಳೆದರೆ ಸೆರಗಿನ ಕೆಂಪು ರೇಷ್ಮೆಯ ಎಳೆಯೊಂದು ಮೊಳದುದ್ದ ಬಂತು. ಗಾಳಿ ಊದಿ, ಬ್ರಶ್ ಆಡಿಸಿ, ಹೊಸ ಗ್ರಾಫಿಕ್ಸ್ ಕಾರ್ಡು ಕೂಡಿಸಿ, ರ‍್ಯಾಮ್ ಹೆಚ್ಚಿಸಿ, ಹೊಸ ಡಿಸ್ಕು ಹಾಕಿ ಮಧ್ಯಾಹ್ನದ ಹೊತ್ತಿಗೆ ಮುದುಕನನ್ನು ಮದುಮಗನ ಹಾಗೆ ಮಾಡಿ ನಿಲ್ಲಿಸಿದ. ಅಂಗಡಿಯಲ್ಲಿ ದೀಪ ಮಿನುಗುವ ಹೊಸ ಕೀಬೋರ್ಡುಗಳೂ ಇದ್ದವು. ದುಂಡೇಶ ಅವುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ.

“ಹಳೇ ಡಿಸ್ಕ್ ಪೂರಾ ಫಾರ್ಮ್ಯಾಟ್ ಹೊಡದು ಬಿಡ್ತೇನಿ. ಗಾಡಿ ಹಗರ ಆಗ್ತದ,” ಎಂದ ಜಲಾಲುದ್ದೀನ.

“ಜಲಾಲಭಾಯ್, ಮುಟ್ಟಬ್ಯಾಡ್ರಿ ಅದನ್ನ!” ದುಂಡೇಶ ಕೂಗಿದ ರಭಸಕ್ಕೆ ಪಕ್ಕದ ಅಂಗಡಿಯವರು ಇಣುಕಿ ನೋಡಿದರು. “ಮಗ್ಗದ ಮ್ಯಾಲಿನ ಹಾಸು ಯಾರರ ಪೂರಾ ಕೊಯ್ತಾರೇನ್ರಿ?”

ಜಲಾಲುದ್ದೀನನಿಗೆ ಅರ್ಥವಾಗಲಿಲ್ಲ, ಆಗುವ ಮಾತೂ ಅಲ್ಲ. ಆದರೆ ನೇಕಾರರ ಮನೆಯಲ್ಲಿ ಕಣ್ಣು ಬಿಟ್ಟವರಿಗೆಲ್ಲ ಅದು ಗೊತ್ತು. ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದು ಮುಗಿಯುತ್ತ ಬಂದಾಗ ಕೊನೆಯ ಗೇಣಿನಷ್ಟನ್ನು ನೇಯದೆ ಬಿಡುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಗೇಣಿನ ಒಂದೊಂದು ಎಳೆಗೆ ಹೊಸೆದು ಕೂಡಿಸುವುದೇ ಕೆಚ್ಚುವುದು. ದುಂಡೇಶನ ಅವ್ವ ತಾಯವ್ವ ಓಣಿಗೆಲ್ಲ ಆ ಕೆಲಸದಲ್ಲಿ ಎತ್ತಿದ ಕೈ. ಹಳೆಯದನ್ನು ಪೂರ್ತಿ ಕೊಯ್ದರೋ, ಸಾವಿರಾರು ಎಳೆಗಳನ್ನು ಮತ್ತೆ ಮೊದಲಿನಿಂದ ಪೋಣಿಸುತ್ತ ದಿನಗಟ್ಟಲೆ ಕೂರಬೇಕು.

ಆ ಹಳೆಯ ಡಿಸ್ಕಿನಲ್ಲಿದ್ದದ್ದೂ ಅಂಥ ಒಂದು ಗೇಣು. ‘ಏಳು ಬಾಗಿಲ ರಾಜ್ಯ’ದ ಮೊದಲನೆಯ ಭಾಗ ಅದರಲ್ಲಿತ್ತು. ಅದರ ವೀರ ದುಂಗೀತ, ಆರು ಬಾಗಿಲು ಗೆದ್ದು, ಏಳನೆಯದರ ಮುಂದೆ ಕತ್ತಿ ಹಿರಿದು ಒಂಬತ್ತು ವರ್ಷದಿಂದ ನಿಂತೇ ಇದ್ದ.

ದುಂಗೀತ ಅಂದರೆ ಅರ್ಧ ದುಂಡೇಶ, ಅರ್ಧ ಅವನ ಅಕ್ಕ ಗೀತಾಂಜಲಿ. ಮನೆಯಲ್ಲಿ ಒಂದೇ ಕಂಪ್ಯೂಟರು, ಆಡುವವರು ಇಬ್ಬರು. ಜಗಳವಾಡಿ ಸಾಕಾಗಿ ಒಬ್ಬ ವೀರನನ್ನೇ ಇಬ್ಬರೂ ಹಂಚಿಕೊಂಡರು. ಕೀಬೋರ್ಡು ಅಕ್ಕನದು: ನಡೆಯುವುದು, ಜಿಗಿಯುವುದು, ಢಾಲು ಎತ್ತುವುದು. ಮೌಸು ತಮ್ಮನದು: ನೋಡುವುದು, ಕತ್ತಿ ಬೀಸುವುದು. “ಎಡಕ್ಕ ಹೊಳ್ಳ!” “ಹೊಡಿಯಲೇ ದುಂಡ್ಯಾ!” ಎಂಬ ಕೂಗು ಮಗ್ಗದ ಸದ್ದನ್ನೂ ಮೀರಿ ಓಣಿಯ ತುದಿಗೆ ಕೇಳುತ್ತಿತ್ತು. ಎರಡು ವರ್ಷಕ್ಕೆ ಆರು ಬಾಗಿಲು ತೆರೆದವು. ಅಷ್ಟರಲ್ಲಿ ಅಕ್ಕನಿಗೆ ಬಾದಾಮಿಯ ಗಂಡು ಗೊತ್ತಾಯಿತು. ಅರಿಶಿಣ ಹಚ್ಚಿದ ದಿನವೂ ಅವಳು ಹಳದಿ ಕೈಯಲ್ಲೇ ಬಂದು ಕೀಬೋರ್ಡಿನ ಮುಂದೆ ಕುಳಿತಿದ್ದಳು. ದುಂಗೀತ ಏಳನೆಯ ಬಾಗಿಲು ಮುಟ್ಟಿದ್ದ, ಅಷ್ಟರಲ್ಲಿ ತಾಯವ್ವ ಬಂದು ಮಗಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದಳು.

ಮದುವೆಯಾಗಿ ಎಂಟನೆಯ ದಿನ ಬಾದಾಮಿಯಿಂದ ಫೋನು ಬಂತು. “ದುಂಡ್ಯಾ, ಏಳನೇ ಬಾಗಲಾ ತಗದೇನು?”

ಮನೆಯ ತುಂಬ ಇನ್ನೂ ಬೀಗರು, ನೆಂಟರು. ನೀನಿಲ್ಲದೆ ಕೈಯೇ ಏಳಲಿಲ್ಲ ಎಂದರೆ ಅಷ್ಟು ಮಂದಿಯ ಮುಂದೆ ಗೊಳೋ ಎಂದು ಅತ್ತುಬಿಡುತ್ತೇನೆಂದು ದುಂಡೇಶನಿಗೆ ಗೊತ್ತಿತ್ತು. ಇಪ್ಪತ್ತೆರಡರ ಹುಡುಗ, ಮೀಸೆ ಬೇರೆ ಹೊಸದು. “ಹೂಂ, ಮುಗೀತು,” ಅಂದುಬಿಟ್ಟ. ಏನಾಯಿತು ಎಂದು ಅವಳು ಕೇಳಿದಳು. ಸುಳ್ಳಿನ ಬಾಲಕ್ಕೆ ಸುಳ್ಳು. ರಾಣಿಯೇ ಎದುರು ಬಂದು ರುಮಾಲು ಸುತ್ತಿದಳು, ಆನೆಯ ಮೇಲೆ ಮೆರವಣಿಗೆ ಆಯಿತು ಎಂದೆಲ್ಲ ಹೊಸೆದ.

“ಎಂಟು ದಿನಾ ಕಾಯಾಕ ಆಗಲಿಲ್ಲ ನಿನಗ,” ಎಂದು ಗೀತಾಂಜಲಿ ಫೋನಿಟ್ಟಳು.

ಆಮೇಲೆ ಅವಳು ಹಬ್ಬಕ್ಕೆ ಬಂದಳು, ಹೋದಳು, ಊರ ಮಾತೆಲ್ಲ ಆಡಿದಳು. ಕಂಪ್ಯೂಟರಿನ ಕಡೆ ಮಾತ್ರ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದನ್ನು ಕಂಡಾಗಲೆಲ್ಲ ದುಂಡೇಶ ನಿಜ ಹೇಳಿಬಿಡಬೇಕೆಂದುಕೊಳ್ಳುತ್ತಿದ್ದ, ಆದರೂ ಬಾಯಿ ಬಿಡಲಾಗಲಿಲ್ಲ. ಹಳೆಯ ಸುಳ್ಳು ಹಳೆಯ ಗಂಟಿನ ಹಾಗೆ, ದಿನ ಹೋದಷ್ಟೂ ಬಿಗಿ.

ಹೊಸ ಆಟ ಎರಡು ದಿನ ಹಿಡಿದು ಡೌನ್‌ಲೋಡ್ ಆಯಿತು. ತೆರೆಯುವುದು ಮಾತ್ರ ಅಮಾವಾಸ್ಯೆಯ ದಿನವೇ. ಅದಕ್ಕೆ ನಾಲ್ಕು ದಿನವಿರುವಾಗ ಕಂಪನಿಯವರ ಸೂಚನೆ ಬಂತು: ಹಳೆಯ ಆಟದ ವೀರನನ್ನು ಹೊಸದಕ್ಕೆ ಕರೆತರಬಹುದು, ಆದರೆ ಹಳೆಯ ಆಟ ಮುಗಿದಿರಬೇಕು.

ದುಂಡೇಶ ಅದನ್ನು ಮೂರು ಸಲ ಓದಿದ. ಬೇರೆಯವರಾದರೆ ಹೊಸ ವೀರನನ್ನು ಮಾಡಿಕೊಂಡು ಹೊರಟುಬಿಡುತ್ತಿದ್ದರು. ದುಂಗೀತನಿಲ್ಲದ ಆಟ ಅವನಿಗೆ ಉಪ್ಪಿಲ್ಲದ ಸಾರು. ಸರಿ, ಏಳನೆಯ ಬಾಗಿಲನ್ನು ತಾನೇ ತೆರೆದುಬಿಡುವುದೆಂದು ಕುಳಿತ. ಮಗ್ಗದಲ್ಲಿ ಎರಡು ಕೈಗೂ ಎರಡು ಕಾಲಿಗೂ ಬೇರೆ ಬೇರೆ ಕೆಲಸ ಕೊಟ್ಟು ದಿನವಿಡೀ ನಡೆಸುವ ಮನುಷ್ಯ, ಕೀಬೋರ್ಡಿನ ಮೇಲೆ ಎಡಗೈ ಇಟ್ಟರೆ ಬೆರಳುಗಳು ಹೊಸ ಸೊಸೆಯ ಹಾಗೆ ಮುದುಡಿ ಕುಳಿತವು. ಮುಂದೆ ಹೋಗೆಂದರೆ ದುಂಗೀತ ಗೋಡೆಗೆ ಹಣೆ ಚಚ್ಚಿಕೊಂಡ. ಢಾಲು ಎತ್ತೆಂದರೆ ಕಂದಕಕ್ಕೆ ಜಿಗಿದ. ಹತ್ತೊಂಬತ್ತನೆಯ ಸಲ ಸತ್ತಾಗ, ನೂಲು ಸುತ್ತುತ್ತಿದ್ದ ತಾಯವ್ವ ತಲೆಯೆತ್ತದೆ, “ಅಕಿಗೆ ಒಂದು ಫೋನರ ಮಾಡೋ,” ಎಂದಳು. ಅವ್ವಂದಿರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಗೀತಾಂಜಲಿ ಬಾದಾಮಿಯ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟಿದ್ದಳು. ಫೋನು ಎತ್ತಿದಾಗ ಹಿಂದೆ ಮಷಿನ್ನಿನ ಸದ್ದು.

“ಅಕ್ಕಾ, ಎರಡನೇ ಭಾಗ ಬರಾಕತ್ತೇದ. ಅಮಾಸಿ ದಿನಾ. ಬರ್ತಿಯೇನು?”

“ಮೊದಲನೇದ್ದು ಒಬ್ಬನ ಮುಗಿಸಿದಿ. ಇದನ್ನೂ ಒಬ್ಬನ ಸುರು ಮಾಡು. ನನಗ ಗಿರಾಕಿ ಅದಾರ, ಇಡ್ತೇನಿ.”

“ಮುಗಿಸಿಲ್ಲಕ್ಕಾ!” ದುಂಡೇಶ ಕಣ್ಣು ಮುಚ್ಚಿ ಬಾವಿಗೆ ಹಾರಿದಂತೆ ಹೇಳಿಬಿಟ್ಟ. “ನಾ ಆಟ ಮುಗಿಸಿಲ್ಲ. ದುಂಗೀತ ಇನ್ನೂ ಬಾಗಲದಾಗ ನಿಂತಾನ. ನೀ ಎಲ್ಲಿ ಬಿಟ್ಟು ಎದ್ದು ಹೋಗಿದ್ದಿ, ಅಲ್ಲೇ.”

“ರಾಣಿ ರುಮಾಲ ಸುತ್ತಿದ್ಲು ಅಂದಿದ್ದಿ?”

“ಸುಳ್ಳು.”

“ಆನಿ?”

“ಅದೂ ಸುಳ್ಳು.”

ಮಷಿನ್ನಿನ ಸದ್ದು ನಿಂತಿತು. ಆಮೇಲೆ ಫೋನೂ ನಿಂತಿತು. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಆ ನಾಲ್ಕು ದಿನ ದುಂಡೇಶ ನೇಯ್ದ ಸೀರೆಯಲ್ಲಿ ಎರಡು ಕಡೆ ಎಳೆ ತಪ್ಪಿತ್ತು, ತಾಯವ್ವ ಬೈಯುತ್ತಲೇ ಸರಿಮಾಡಿದಳು.

ಅಮಾವಾಸ್ಯೆಯ ಬೆಳಿಗ್ಗೆ ತಾಯವ್ವ ಮಗ್ಗಕ್ಕೆ ಪೂಜೆ ಮಾಡಿದ ಕೈಯಲ್ಲೇ ಕಂಪ್ಯೂಟರಿನ ಡಬ್ಬಿಗೂ ಮೂರು ಬೆರಳು ವಿಭೂತಿ ಎಳೆದು ಚೆಂಡುಹೂವು ಇಟ್ಟಳು. ಓಣಿ ಸದ್ದಿಲ್ಲದೆ ಮಲಗಿತ್ತು. ಆಟ ತೆರೆಯುವುದು ಹತ್ತೂವರೆಗೆ; ದುಂಡೇಶ ಏಳಕ್ಕೇ ಮಿಂದು, ತೊಳೆದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಎಂಟರ ಬಸ್ಸಿಗೆ ಬರಲಿಲ್ಲ. ಒಂಬತ್ತರ ಬಸ್ಸಿನ ಹೊತ್ತೂ ಮೀರಿತು. ಇನ್ನು ಬರುವುದಿಲ್ಲವೆಂದು ಅವನು ಒಳಗೆ ತಿರುಗಿದಾಗ ಓಣಿಯ ತಿರುವಿನಲ್ಲಿ ಗೀತಾಂಜಲಿ ಕಂಡಳು, ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ. ಅದನ್ನು ಅವ್ವನ ಕೈಗೆ ತುರುಕಿ ನೆಟ್ಟಗೆ ಮಗ್ಗದ ಕೋಣೆಗೆ ನಡೆದಳು.

“ಕಾಲರ ತೊಳಕೋಳೇ!” ಎಂದು ತಾಯವ್ವ ಕೂಗಿದ್ದು ಗಾಳಿಗೆ ಹೋಯಿತು.

“ತೋರಸು,” ಎಂದಳು ಗೀತಾಂಜಲಿ. ನಂಬಿರಲಿಲ್ಲ ಅವಳು, ತಮ್ಮನ ಮಾತನ್ನು ಒಂಬತ್ತು ವರ್ಷ ನಂಬಿ ಕೆಟ್ಟವಳು.

ದುಂಡೇಶ ಹಳೆಯ ಆಟ ತೆರೆದ. ಕಲ್ಲಿನ ಕೋಟೆ, ದೊಡ್ಡ ಬಾಗಿಲು, ಮುಂದೆ ಬೆನ್ನು ಮಾಡಿ ನಿಂತ ದುಂಗೀತ. ಕೆಳಗೆ ತಾರೀಖು: ಅವಳಿಗೆ ಅರಿಶಿಣ ಹಚ್ಚಿದ ದಿನದ್ದು. ಗೀತಾಂಜಲಿ ಅದನ್ನು ನೋಡಿದಳು. ಆಮೇಲೆ ಅವಳ ಕಣ್ಣು ಕೀಬೋರ್ಡಿನ ಮೇಲೆ ಬಿತ್ತು. ಹೊಸ ಯಂತ್ರದ ಮುಂದೆ ಹಳೆಯ ಕೀಬೋರ್ಡು. ಎಡಗಡೆಯ ನಾಲ್ಕು ಕೀಗಳು ಮಾಸಿದ ಹಳದಿ.

“ಇದನ್ಯಾಕ ಬದಲೀ ಮಾಡಿಲ್ಲ?”

“ನಿನ್ನ ಅರಿಷಿಣ ಅದ ಅದರ ಮ್ಯಾಲ.”

“ಮತ್ತ ಅವತ್ತ ಮುಗೀತು ಅಂದಿ ಯಾಕ?”

“ಎಲ್ಲಾರೂ ಕುಂತಿದ್ರು. ಅಳು ಬಂದಿತ್ತು.”

ಗೀತಾಂಜಲಿ ತಮ್ಮನ ತಲೆಯ ಮೇಲೆ ಪಟ್ಟೆಂದು ಒಂದು ಕೊಟ್ಟಳು. ಕೊಟ್ಟ ಕೈಯಿಂದಲೇ ಸೆರಗು ಹಿಡಿದು ಕಣ್ಣು ಒರೆಸಿಕೊಂಡಳು. “ಹುಚ್ಚಪ್ಯಾಲಿ. ನಾ ಇಲ್ಲಿ ಬ್ಯಾಡಾದೆ ಅಂತ ತಿಳಕೊಂಡು ಒಂಬತ್ತು ವರ್ಷ ಕಳದೇನಿ,” ಎಂದು, “ಸರಿ ಆಕಡೆ,” ಅಂದು ಅವನ ಎಡಕ್ಕೆ ಕುಳಿತಳು.

ಬಾದಾಮಿಯ ಮಂದಿಯ ಅರ್ಜಿಗಳನ್ನೆಲ್ಲ ಬಡಿದು ಬಡಿದು ಅವಳ ಬೆರಳು ಮೊದಲಿಗಿಂತ ಚುರುಕಾಗಿದ್ದವು. ದುಂಗೀತ ಎರಡು ಸಲ ಸತ್ತ, ಮೂರನೆಯ ಸಲ ಕಾವಲಿನ ರಾಕ್ಷಸ ಉರುಳಿದ. ಬಾಗಿಲು ತೆರೆಯಿತು. ಒಳಗೆ ರಾಣಿಯೂ ಇರಲಿಲ್ಲ, ಆನೆಯೂ ಇರಲಿಲ್ಲ. ಒಲೆಯ ಮುಂದೆ ತೂಕಡಿಸುತ್ತಿದ್ದ ಒಬ್ಬ ಮುದುಕಿ, ಬಂದೆಯಾ, ಬಾಗಿಲು ಹಾಕಿಕೊಂಡು ಬಾ, ಎಂದಳು. ಆಟ ಮುಗಿಯಿತು.

ಇಬ್ಬರೂ ಪರದೆಯನ್ನು ಪಿಳಿಪಿಳಿ ನೋಡಿದರು. “ಇಷ್ಟನ?” ಎಂದ ದುಂಡೇಶ.

“ನಿನ್ನ ಆನಿನ ಚೊಲೋ ಇತ್ತು ಬಿಡು,” ಎಂದಳು ಅಕ್ಕ. ಅಲ್ಲಿಂದ ಹಿಡಿದ ನಗೆ ತಾಯವ್ವ ಹೋಳಿಗೆ ತಂದಿಟ್ಟರೂ ನಿಲ್ಲಲಿಲ್ಲ.

ಹೊಸ ಆಟ ತೆರೆದಾಗ ಹನ್ನೆರಡು ದಾಟಿತ್ತು. ಹಳೆಯ ವೀರನನ್ನು ಕರೆತರುವಿರಾ ಎಂದು ಅದು ಕೇಳಿತು. ಹೌದು ಎಂದು ಒತ್ತಿದ ಮೇಲೆ ಹೊಸ ಬೆಟ್ಟ, ಹೊಸ ಬೆಳಕಿನ ನಡುವೆ ಅದೇ ದುಂಗೀತ ಕತ್ತಿ ಹೆಗಲಿಗೇರಿಸಿ ನಿಂತ. ಹೋಳಿಗೆ ಒಂದು ಕೈಯಲ್ಲಿ, ಆಟ ಇನ್ನೊಂದು ಕೈಯಲ್ಲಿ. ಇಬ್ಬರಿಗೂ ಒಂದೇ ಕೈಯ ಕೆಲಸವಾದ್ದರಿಂದ ಏನೂ ತೊಂದರೆಯಾಗಲಿಲ್ಲ. ನಾಲ್ಕೂವರೆಗೆ ಗೀತಾಂಜಲಿ ಎದ್ದಳು, ಬಾದಾಮಿಯ ಬಸ್ಸಿಗೆ ಹೊತ್ತಾಗಿತ್ತು.

“ಮುಂದಿನ ಅಮಾಸಿಗೆ ಬರ್ತೇನಿ. ಅಲ್ಲೀತನಕ ಕೈ ಹಚ್ಚಿದ್ರ ನೋಡು ಮತ್ತ,” ಎಂದು ಬೆರಳು ತೋರಿಸಿ ಹೋದಳು.

ಮರುದಿನ ಮನೆಗೆ ಸೀರೆ ನೋಡಲು ವ್ಯಾಪಾರಿ ಬಂದಿದ್ದರು, ಜೊತೆಗೆ ಓಣಿಯ ನಾಲ್ಕು ಮಂದಿ ಹಿರಿಯರು ಚಹಾ ಕುಡಿಯುತ್ತ ಕುಳಿತಿದ್ದರು. ದುಂಡೇಶ ಮಗ್ಗದಲ್ಲಿದ್ದ. ಫೋನು ಬಂತು.

“ದುಂಡ್ಯಾ, ಆಡಿದೇನು?”

ದುಂಡೇಶ ಮಗ್ಗ ನಿಲ್ಲಿಸಿದ. ಕುಳಿತವರೆಲ್ಲ ಅವನತ್ತ ನೋಡಿದರು.

“ಇಲ್ಲಕ್ಕಾ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ನೀ ಇಲ್ಲದ ನನಗ ಆಡಾಕ ಬರೂದಿಲ್ಲ.”