ಹೊತ್ತು ಮುಳುಗುವ ಮೊದಲು

ಖಾನಾಪುರದ ಸ್ಟೇಶನ್ನಿನಿಂದ ನಡೆದು ಬರುವಾಗ ಭೂಪಾಲ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದ. ಅದು ಇಂಗ್ಲಿಷಿನಲ್ಲಿತ್ತು. ಜಗಳವಾದದ್ದು ಇಂಗ್ಲಿಷಿನಲ್ಲಿ, ರಾಜಿಯೂ ಅದರಲ್ಲೇ ಆಗಬೇಕೆಂಬುದು ಗಣಿತದ ಮಾಸ್ತರನಾದ ಅವನ ಲೆಕ್ಕ.

ಅಂಗಳದಲ್ಲಿ ಒಣಗಿದ ಹಂಚುಗಳನ್ನು ಪೇರಿಸುತ್ತಿದ್ದ ಕೃಷ್ಣಾಜಿ ತಲೆಯೆತ್ತಿ ನೋಡಿ, ಮತ್ತೆ ಹಂಚಿಗೆ ಕೈಹಾಕಿದ. ಮಾತಾಡಿದವಳು ಅವನ ಹೆಂಡತಿ ಗಂಗೂಬಾಯಿ.

"ಬರ್ರಿ ಭೂಪಾಲಣ್ಣಾ! ದಾರಿ ತಪ್ಪಿ ಬಂದ್ರೇನು? ಕುಂದರ್ರಿ, ಕುಂದರ್ರಿ." ಪಡುವಣಕ್ಕೊಮ್ಮೆ ನೋಡಿ ಅವಳು ಒಳಗೆ ಓಡಿದಳು.

ಅಸಹಕಾರ ಚಳವಳಿಯ ವರ್ಷ, ಟಿಳಕವಾಡಿಯ ವಾದಸಭೆಯಲ್ಲಿ, ಒಂದೇ ಶಾಲೆಯ ಮಾಸ್ತರರಾಗಿದ್ದ ಈ ಗೆಳೆಯರು ಎದುರುಬದುರು ನಿಂತಿದ್ದರು. ಒಳಗೆ ಕಾಲಿಟ್ಟ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲವೆಂಬುದು ಸಭೆಯ ಕಟ್ಟಳೆ. ಸರಕಾರಿ ಶಾಲೆಯನ್ನು ಬಿಡುವುದೇ ಫ್ರೀಡಮ್ ಎಂದ ಕೃಷ್ಣಾಜಿ. ಕಲಿಯುವುದೇ ಫ್ರೀಡಮ್ ಎಂದ ಭೂಪಾಲ. ಕೃಷ್ಣಾಜಿಯ ಕಣ್ಣ ಮುಂದಿದ್ದುದು ದೇಶ. ಭೂಪಾಲನ ಕಣ್ಣ ಮುಂದಿದ್ದವಳು ವಿಧವೆಯಾಗಿ ತವರಿಗೆ ಮರಳಿದ ತಂಗಿ ರತ್ನಮಾಲಾ. ಒಂದೇ ಶಬ್ದವನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದರು. ಎಳೆದಷ್ಟೂ ದನಿ ಏರಿತು. ಕೊನೆಗೆ ಕೃಷ್ಣಾಜಿ ತುಂಬಿದ ಸಭೆಯಲ್ಲಿ ಗೆಳೆಯನನ್ನು ಗುಲಾಮನೆಂದ. ನೌಕರಿ ಬಿಟ್ಟು ಖಾನಾಪುರಕ್ಕೆ, ಮನೆಯ ಹಂಚಿನ ಕಸುಬಿಗೆ ಮರಳಿದ. ಆಮೇಲೆ ಎಷ್ಟೋ ಸಂಜೆ, ಇಬ್ಬರೂ ಕೂಡಿ ತಿರುಗಾಡುತ್ತಿದ್ದ ದಾರಿಯಲ್ಲಿ ಭೂಪಾಲ ಒಬ್ಬನೇ ನಡೆದಿದ್ದ. ಬಾಜುವಿನಲ್ಲಿ ಕೃಷ್ಣಾಜಿಯ ಚಪ್ಪಲಿಯ ಸಪ್ಪಳ ಮತ್ತೆ ಕೇಳಿದರೆ ಸಾಕಿತ್ತು ಅವನಿಗೆ.

ಗಂಗೂಬಾಯಿ ಎರಡು ತಾಟು ತಂದಿಟ್ಟಳು. "ಹೊತ್ತ ಮುಳಗಾಕ ಬಂತ್ರಿ. ಮೊದಲ ಊಟಾ, ಆಮ್ಯಾಲ ನಿಮ್ಮ ವಾದಾ."

ಜೈನರ ಭೂಪಾಲ ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟುವವನಲ್ಲ. ಆ ಮನೆ ಅದನ್ನು ಮರೆತಿರಲಿಲ್ಲ. ಪಲ್ಯದಲ್ಲಿ ಅವನು ತಿನ್ನದ ಉಳ್ಳಾಗಡ್ಡಿಯೂ ಇರಲಿಲ್ಲ.

ಆದರೆ ಭೂಪಾಲ ತನ್ನ ವಾಕ್ಯವನ್ನು ಶುರುಮಾಡಿಬಿಟ್ಟಿದ್ದ. ನಡುವೆಯೇ ತಡವರಿಸಿದ.

"ಸಾಕ ಬಿಡಲೇ ಆ ಇಂಗ್ಲಿಷ್," ಎಂದ ಕೃಷ್ಣಾಜಿ. "ನಿನ್ನ ಫ್ರೀಡಮ್ ಅಂದ್ರ ಏನಿತ್ತು? ನಮ್ಮ ಮಾತಿನಾಗ ಹೇಳು."

"ರತ್ನವ್ವ ಪಾಟಿ ಮ್ಯಾಲ ತನ್ನ ಹೆಸರು ಬರೀಲಿ ಅಂತಿದ್ದೆ. ಅಷ್ಟ."

"ಅದನ್ನ ಬ್ಯಾಡ ಅಂದಾಂವ ಯಾರು? ಆ ಪಾಟಿ ತಂದ ಕೊಟ್ಟಾಂವ ನಾನ ಅಲ್ಲೇನಲೇ! ಸರಕಾರದ ಸಾಲಿ ಬ್ಯಾಡ ಅಂದೆ. ಅಕ್ಷರಾ ಬ್ಯಾಡ ಅಂದೆನೇನು?"

ಕೃಷ್ಣಾಜಿಯೇ ದನಿ ಇಳಿಸಿ ಕೇಳಿದ:

"ಬರೀತಾಳೇನ ಈಗ?"

"ಬರಿಯೂದೇನು, ನನ್ನ ತಪ್ಪ ತಿದ್ದತಾಳ."

"ಆಕೀನ್ನ ಕಳಸಬೇಕಾಗಿತ್ತು ಸಭಾಕ್ಕ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಕೃಷ್ಣಾಜಿ, "ಆವತ್ತ ನಾ ಅಂದದ್ದು..." ಎಂದು ತೊಡಗಿ, ಬೆರಳಿಗೆ ಮೆತ್ತಿದ ಒಣಮಣ್ಣನ್ನು ಉಜ್ಜುತ್ತ ಕೂತ. ಭೂಪಾಲ ಕಾದ.

ತಾಟಿಗೆ ಕೈ ಚಾಚುವಾಗ ಅವನು ತಲೆಯೆತ್ತಿದ. ಜಾಂಬೋಟಿ ಕಡೆಯ ಗುಡ್ಡದ ಮೇಲೆ ಬರಿಯ ಕೆಂಪು ಉಳಿದಿತ್ತು. ಚಾಚಿದ ಕೈ ಹಿಂದಕ್ಕೆ ಬಂತು.

"ಅಯ್ಯ," ಎಂದಳು ಬಾಗಿಲಲ್ಲಿ ದೀಪ ಹಿಡಿದಿದ್ದ ಗಂಗೂಬಾಯಿ.

ಕೃಷ್ಣಾಜಿ ಎದ್ದು ರೊಟ್ಟಿಯ ಬುಟ್ಟಿ ತಂದು ಗೆಳೆಯನ ತಾಟಿನ ಮೇಲೆ ಕವುಚಿದ. ಆಮೇಲೆ ಬುಟ್ಟಿಯ ಅಂಚನ್ನೆತ್ತಿ, ತಾನಿನ್ನೂ ಮುಟ್ಟದ ತಾಟನ್ನೂ ಅದರೊಳಕ್ಕೆ ಸರಿಸಿದ.